ನಿಧಾನಕ್ಕೆ ಎಷ್ಟು ಗಂಟೆಗೆ ಹೊರಡೋದು?

ನಮ್ಮ ಕಡೆಯವರಿಗೆ ಪ್ರವಾಸದಲ್ಲಿ ಹೊರಡುವುದು ಗೊತ್ತು, ತಲುಪುವುದು ಗೊತ್ತು. ನಡುವೆ ಬರುವುದೆಲ್ಲ ಅಡಚಣೆ. ಎರಡು ದಿನದಲ್ಲಿ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಮುಗಿಸಿ, ಬರುವ ದಾರಿಯಲ್ಲಿ ಬೇಲೂರಿನ ಶಿಲಾಬಾಲಿಕೆಯರಿಗೆ ಕತ್ತಲಲ್ಲೇ ಒಂದು ನಮಸ್ಕಾರ ಹಾಕಿ, ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಕೂತು ಆಕಳಿಸುವ ವಂಶ ನಮ್ಮದು. ಇಂಥವರ ಕೈಗೆ ಫ್ರಾನ್ಸಿನ ದ್ರಾಕ್ಷಿತೋಟದ ಹಳ್ಳಿಗಳಲ್ಲಿ ಕಾರಿನಲ್ಲಿ ಮೆಲ್ಲಗೆ ಸುತ್ತಾಡುವ ಯೋಜನೆಯೊಂದನ್ನು ಕೊಟ್ಟರೆ ಅದು ಏನಾಗುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಭಾವನ ಮನೆಗೆ ಬರಬೇಕು.

ಭಾವ ಆಡುಗೋಡಿಯ ಮೈಕೋದಲ್ಲಿ ಸರ್ವೀಸು ಮುಗಿಸಿದವರು. ಡೀಸೆಲ್ ಪಂಪಿನ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆದ ಕೈ. ಈಗಲೂ ಚಪಾತಿ ಒಂಚೂರು ಸೊಟ್ಟಗಾದರೆ ಹುಬ್ಬು ಗಂಟಿಕ್ಕುತ್ತಾರೆ. ಮಗಳು ಅದೇ ಜಾಡು ಹಿಡಿದು ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿದ್ದಾಳೆ. ಅವಳೇ ಈ ಕಿಡಿ ಹೊತ್ತಿಸಿದ್ದು. "ಅಪ್ಪ, ಅಮ್ಮ, ಮಾಮ, ಎಲ್ಲರೂ ಬನ್ನಿ. ಇಲ್ಲಿಂದ ಗಡಿ ದಾಟಿದರೆ ಅಲ್ಸೇಸ್. ವೈನ್ ರೂಟ್ ಅಂತ ಇದೆ. ಚೆಂದದ ಹಳ್ಳಿಗಳು, ಆರಾಮಾಗಿ ಡ್ರೈವ್ ಮಾಡ್ಕೊಂಡು ಸುತ್ತಬಹುದು" ಎಂದಳು. ಆ 'ಆರಾಮಾಗಿ' ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಭಾವನ ಕಿವಿಗೆ ಬಿತ್ತು.

"ಅಲ್ಸೇಸ್ ಅಂದ್ರೆ ಆ ನಾಯಿ ಊರಲ್ವೇನಯ್ಯಾ?" ಎಂದು ನನ್ನನ್ನು ಕೇಳಿದರು.

ನಾಯಿ ಜರ್ಮನ್ನರದೇ. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನ್ ಅಂದರೆ ಉರಿದುಬೀಳುತ್ತಿದ್ದ ಇಂಗ್ಲಿಷರು ಜರ್ಮನ್ ಶೆಫರ್ಡಿಗೆ ಅಲ್ಸೇಷಿಯನ್ ಎಂದು ಮರುನಾಮಕರಣ ಮಾಡಿ ಸಮಾಧಾನ ಮಾಡಿಕೊಂಡರು. ಸೀಮೆಯ ಹಣೆಬರಹವೂ ಹೆಚ್ಚುಕಮ್ಮಿ ಅದೇ. 1871ರಲ್ಲಿ ಜರ್ಮನಿಯ ಪಾಲಾಯಿತು, 1918ರಲ್ಲಿ ಫ್ರಾನ್ಸಿಗೆ ಬಂತು, 1940ರಲ್ಲಿ ಮತ್ತೆ ಜರ್ಮನಿ, ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಫ್ರಾನ್ಸು. ಹುಟ್ಟಿದ ಮನೆಯ ಜಗಲಿಯಿಂದ ಕದಲದ ಒಬ್ಬ ಅಜ್ಜಿ ಒಂದೇ ಜನ್ಮದಲ್ಲಿ ನಾಲ್ಕು ಸಲ ದೇಶ ಬದಲಾಯಿಸಿರಬಹುದು, ಅದೂ ವೀಸಾ ಇಲ್ಲದೆ.

ನಮಗೆ ಮಾತ್ರ ವೀಸಾ ಬೇಕು. ಎರಡು ದೇಶಕ್ಕೆ ಹೋಗುವವರು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತಾರೋ ಅವರ ಹತ್ತಿರವೇ ಅರ್ಜಿ ಹಾಕಬೇಕು. ಮಗಳ ಮನೆಯಲ್ಲೇ ಠಿಕಾಣಿಯಾದ್ದರಿಂದ ನಮ್ಮದು ಜರ್ಮನ್ ಅರ್ಜಿ. 30,000 ಯೂರೋಗೆ ಕಮ್ಮಿಯಿಲ್ಲದ ವೈದ್ಯಕೀಯ ವಿಮೆ ಬೇಕು. ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ತೋರಿಸಬೇಕು. ಮನಸ್ಸು ಬಂದಲ್ಲಿ ನಿಲ್ಲುವ ಪ್ರವಾಸ ಇದು ಸ್ವಾಮಿ ಎಂದರೆ ಕೌಂಟರಿನವರು ಒಪ್ಪುವುದಿಲ್ಲ. ಭಾವನಿಗೆ ಇಷ್ಟು ಸಾಕಾಯಿತು. "ನೋಡು, ಸರ್ಕಾರವೇ ಪ್ಲಾನ್ ಕೇಳ್ತಿದೆ" ಎಂದು ಎಕ್ಸೆಲ್ ತೆರೆದರು.

ಈ ವೈನ್ ದಾರಿಯನ್ನು ಉದ್ಘಾಟಿಸಿದ್ದು 1953ರಲ್ಲಿ. ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ಟಾನ್‌ವರೆಗೆ ಸುಮಾರು 170 ಕಿಲೋಮೀಟರು. ತೆಂಕಣಕ್ಕೆ ಹೊರಟವರಿಗೆ ಬಲಗಡೆ ವೋಜ್ ಬೆಟ್ಟಸಾಲು, ಎಡಗಡೆ ರೈನ್ ನದಿಯ ಬಯಲು. ನಡುವಿನ ಇಳಿಜಾರಿನಲ್ಲೆಲ್ಲ ದ್ರಾಕ್ಷಿ, ದ್ರಾಕ್ಷಿಯ ಮಧ್ಯೆ ಗಡಿಯಾರ ಗೋಪುರ ಎತ್ತಿಕೊಂಡು ನಿಂತ ಹಳ್ಳಿಗಳು. ಇದನ್ನೆಲ್ಲ ನಾನು ಕೊಂಚ ರಸವತ್ತಾಗಿ ವರ್ಣಿಸಿದೆ. ಭಾವ ತಾಳ್ಮೆಯಿಂದ ಕೇಳಿ, "170 ಅಂದ್ರೆ ಮೈಸೂರಿಗಿಂತ ಸ್ವಲ್ಪ ಜಾಸ್ತಿ. ಮದ್ದೂರು ವಡೆಗೆ ನಿಲ್ಲಿಸಿದರೂ ಮೂರೂವರೆ ಗಂಟೆ. ಮಧ್ಯಾಹ್ನ ಏನು ಮಾಡೋದು?" ಎಂದರು.

"ಮಳೆ ಬಂದರೆ?" ಎಂದದ್ದು ಅಕ್ಕ. ಇದು ನ್ಯಾಯವಾದ ಪ್ರಶ್ನೆ, ಉತ್ತರವೂ ಸೊಗಸಾಗಿದೆ. ಪಡುವಣದಿಂದ ಬರುವ ಮೋಡ ವೋಜ್ ಬೆಟ್ಟ ಹತ್ತುವಾಗಲೇ ಸರಕು ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ಸುರಿದುಕೊಂಡು ಚಿತ್ರದುರ್ಗಕ್ಕೆ ಬರಿಗೈಲಿ ಬರುತ್ತದಲ್ಲ, ಅದೇ ವರಸೆ. ಹಾಗಾಗಿ ಬೆಟ್ಟದ ಬುಡದ ಕೋಲ್ಮಾರ್ ಪಟ್ಟಣ ಇಡೀ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲೊಂದು. ಅಷ್ಟು ಉತ್ತರದಲ್ಲಿ ದ್ರಾಕ್ಷಿ ಹಣ್ಣಾಗುವುದಕ್ಕೆ ಈ ಬಿಸಿಲಿನ ಆಸರೆಯೂ ಬೇಕು. ಆದರೂ ಅಕ್ಕ ಎರಡು ಛತ್ರಿ ತೆಗೆದಿಟ್ಟಳು. ಯಾವ ಬೆಟ್ಟದ ಮಾತನ್ನೂ ಅವಳು ಪೂರ್ತಿ ನಂಬುವವಳಲ್ಲ.

ಭಾವನ ಎಕ್ಸೆಲ್ ಹಾಳೆಯನ್ನು ನೀವು ನೋಡಬೇಕಿತ್ತು. ಹಳ್ಳಿ, ತಲುಪುವ ಹೊತ್ತು, ಬಿಡುವ ಹೊತ್ತು, ಷರಾ. 'ರಿಕ್ವಿರ್, 35 ನಿಮಿಷ, ಫೋಟೋ ಸೇರಿ.' 'ಕೈಸರ್ಸ್‌ಬೆರ್ಗ್, 25 ನಿಮಿಷ, ಶ್ವೈಟ್ಸರ್ ಹುಟ್ಟಿದ ಮನೆ, ಹೊರಗಿನಿಂದ.' 1875ರಲ್ಲಿ ಹುಟ್ಟಿ, ಆಫ್ರಿಕಾದ ಲಂಬರೇನೆಯಲ್ಲಿ ಆಸ್ಪತ್ರೆ ಕಟ್ಟಿ, 1952ನೇ ಸಾಲಿನ ಶಾಂತಿ ನೊಬೆಲ್ ಪಡೆದ ಆಲ್ಬರ್ಟ್ ಶ್ವೈಟ್ಸರ್‌ಗೆ ನಮ್ಮ ಭಾವ ಕೊಟ್ಟದ್ದು ಗೋಡೆಯ ದರ್ಶನ. ಕೋಲ್ಮಾರಿನ ಮ್ಯೂಸಿಯಮ್ಮಿನಲ್ಲಿ ಗ್ರೂನೆವಾಲ್ಡನ ಐಸೆನ್‌ಹೈಮ್ ಬಲಿಪೀಠದ ಚಿತ್ರಗಳಿವೆ, 1512ರಿಂದ 1516ರವರೆಗೆ ಬರೆದವು. ಅದಕ್ಕೆ ಇಪ್ಪತ್ತು ನಿಮಿಷ. ಅಮೆರಿಕದ ಸ್ವಾತಂತ್ರ್ಯದೇವಿಯನ್ನು ರೂಪಿಸಿದ ಬಾರ್ತೋಲ್ಡಿ ಹುಟ್ಟಿದ್ದೂ ಕೋಲ್ಮಾರಿನಲ್ಲೇ. ಊರಿಗೆ ಬರುವ ರಸ್ತೆಯ ವೃತ್ತವೊಂದರಲ್ಲಿ ಆ ದೇವಿಯ ಸಣ್ಣ ನಕಲು ನಿಂತಿದೆ ಎಂದು ತಿಳಿದಾಗ ಭಾವನ ಮುಖ ಅರಳಿತು. ಇಳಿಯದೆ ನೋಡಬಹುದಾದ ಏಕೈಕ ಸ್ಥಳ! ಷರಾ: 'ವೃತ್ತ ಸುತ್ತುವಾಗ.'

ಹಾಳೆಯ ಮೊದಲ ಸಾಲು: 'ಬೆಳಗಿನ ಜಾವ 4.00, ಹೊರಡುವುದು.'

"ಭಾವ, ನಾಲ್ಕು ಗಂಟೆಗೆ ಯಾಕೆ?"

"ಟ್ರಾಫಿಕ್ ಇರಲ್ಲ ಕಣಯ್ಯ."

ನೆಲಮಂಗಲ ದಾಟುವ ಸಂಕಟ ಉಂಡವರಿಗೆ ಈ ಮಾತು ವೇದವಾಕ್ಯ. ಆದರೆ ಆ ಹಳ್ಳಿಗಳಲ್ಲಿ ಬೆಳಗಿನ ಜಾವ ಐದೂವರೆಗೆ ಇಳಿದು ಮಾಡುವುದಾದರೂ ಏನು? ಎದ್ದಿರುವವನು ಬೇಕರಿಯವನೊಬ್ಬನೇ. ವೈನ್ ನೆಲಮಾಳಿಗೆಗಳ ಬಾಗಿಲು ತೆರೆಯುವುದೇ ಒಂಬತ್ತೋ ಹತ್ತೋ ಗಂಟೆಗೆ. ಹನ್ನೆರಡು ಹೊಡೆದರೆ ಬಹಳ ಕಡೆ ಮುಚ್ಚಿಕೊಂಡು ಊಟಕ್ಕೆ ಹೋಗುತ್ತಾರೆ, ಎರಡರವರೆಗೆ ದೇವರೇ ಬಂದರೂ ಗಂಟೆ ಒತ್ತಿ ಕಾಯಬೇಕು. ಭಾನುವಾರ ತೆರೆಯದವರೂ ಉಂಟು. ಅಂದರೆ ಭಾವನ ವೇಳಾಪಟ್ಟಿಯ ಪ್ರಕಾರ ನಾವು ಪ್ರತಿ ಊರನ್ನೂ ಅದು ಮಲಗಿರುವಾಗಲೋ ಉಣ್ಣುತ್ತಿರುವಾಗಲೋ ಹೋಗಿ ನೋಡಿ ಬರುತ್ತೇವೆ.

ನನ್ನನ್ನು ಕೇಳಿದರೆ ಇಡೀ 170 ಕಿಲೋಮೀಟರು ಓಡಿಸುವುದೇ ದಂಡ. ರಿಬೋವಿಲೆ, ಉನಾವಿರ್, ರಿಕ್ವಿರ್ ಈ ಮೂರೂ ಸೇರಿ ಐದು ಕಿಲೋಮೀಟರಿನೊಳಗೆ ಮುಗಿಯುತ್ತವೆ. ಒಂದರ ಚರ್ಚಿನ ಗಂಟೆ ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ. ಕಾರನ್ನು ಒಂದು ಕಡೆ ನಿಲ್ಲಿಸಿ ತೋಟದ ನಡುವಿನ ದಾರಿಯಲ್ಲಿ ನಡೆದೇ ಹೋಗಬಹುದು. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಮಾತ್ರ ಕೆಲವು ಕಾಲುದಾರಿಗಳನ್ನು ಮುಚ್ಚುತ್ತಾರೆ. ವರ್ಷವಿಡೀ ಬೆಳೆಸಿದ್ದನ್ನು ಪ್ರವಾಸಿಗರು ಗೊಂಚಲಿನಿಂದ ಕಿತ್ತು ತಿನ್ನುತ್ತಾ ಹೋಗುವುದು ಯಾವ ರೈತನಿಗೆ ತಾನೇ ಸಹಿಸುತ್ತದೆ?

ಉನಾವಿರ್‌ಗೆ ಒಂದು ಕಥೆಯಿದೆ. ಫಸಲು ಕೈಕೊಟ್ಟ ಒಂದು ವರ್ಷ ಊರಿನ ಸಂತಳಾದ ಹೂನ್ ತಾಯಿ ಊರ ಚಿಲುಮೆಯಲ್ಲಿ ನೀರಿನ ಬದಲು ವೈನೇ ಹರಿಯುವಂತೆ ಮಾಡಿದಳಂತೆ. ಇದನ್ನು ಕೇಳಿ ಭಾವ, "ಕಾರ್ಪೊರೇಷನ್ ನಲ್ಲಿಗೆ ಅಂಥ ಸಂತರು ಬೇಡಪ್ಪ, ನೀರು ಬಂದರೆ ಸಾಕು" ಎಂದರು. ಬೆಂಗಳೂರಿನವರು ಪವಾಡವನ್ನೂ ಇಷ್ಟು ಮಿತವಾಗಿಯೇ ಬೇಡುವುದು.

ಅದೇ ಊರಿನಲ್ಲಿ ಕೊಕ್ಕರೆಗಳದೊಂದು ದೊಡ್ಡ ಸಂಗತಿ ಇದೆ. ಬಿಳಿ ಕೊಕ್ಕರೆ ಅಲ್ಸೇಸಿನ ಮನೆದೇವರಿದ್ದ ಹಾಗೆ. 1970ರ ದಶಕದ ನಡುಭಾಗಕ್ಕೆ ಇಡೀ ಸೀಮೆಯಲ್ಲಿ ಹತ್ತು ಜೋಡಿಯೂ ಉಳಿದಿರಲಿಲ್ಲ. 1976ರಲ್ಲಿ ಉನಾವಿರ್‌ನಲ್ಲಿ ಒಂದು ಕೇಂದ್ರ ತೆರೆದು ಮರಿಗಳನ್ನು ಸಾಕಿ ಬಿಟ್ಟರು. ಈಗ ಚರ್ಚಿನ ಮಾಡು, ಹೊಗೆಕೊಳವೆ, ಎಲ್ಲೆಂದರಲ್ಲಿ ಗಾಡಿಚಕ್ರದಷ್ಟು ಅಗಲದ ಗೂಡು. ಈ ಹಕ್ಕಿಗೆ ಕೂಗಲು ಗಂಟಲಿಲ್ಲ. ಗಂಡು ಗೂಡಿಗೆ ಮರಳಿದಾಗ ಹೆಣ್ಣು ತಲೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಾಗಿಸಿ ಕೊಕ್ಕನ್ನು ಟಕಟಕಟಕ ಬಡಿಯುತ್ತದೆ. ಗಂಡೂ ಹಾಗೇ ಉತ್ತರ ಕೊಡುತ್ತದೆ. "ಇದಕ್ಕೆ ಫ್ರಾನ್ಸಿಗೆ ಯಾಕೆ ಹೋಗಬೇಕು? ಮದ್ದೂರಿನ ಪಕ್ಕದಲ್ಲೇ ಕೊಕ್ಕರೆ ಬೆಳ್ಳೂರು ಇದೆ" ಎಂದಳು ಅಕ್ಕ. ಇದೆ, ನಿಜ. ಮೈಸೂರು ರಸ್ತೆಯಲ್ಲಿ ಅಷ್ಟು ಸಲ ಓಡಾಡಿದ ಭಾವ ಅತ್ತ ಕಾರು ತಿರುಗಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಮೂರು ಗಂಟೆಯ ಲೆಕ್ಕ ತಪ್ಪುತ್ತದಲ್ಲ!

ಇನ್ನು ಚೆಂದದ ಊರುಗಳ ಪಟ್ಟಿ. ರಿಕ್ವಿರ್ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಹದಿನಾರನೆಯ ಶತಮಾನದ ಮರದ ಚೌಕಟ್ಟಿನ ಮನೆಗಳು ಹಾಗೇ ಉಳಿದಿವೆ. ಬೆನ್‌ವಿರ್, ಅಮ್ಮರ್‌ಷ್ವಿರ್, ಸಿಗೋಲ್ಸೈಮ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ರಿಕ್ವಿರ್‌ನಿಂದ ಕಾರು ಗೇರು ಬದಲಾಯಿಸುವಷ್ಟರಲ್ಲಿ ಸಿಗುವ ಊರುಗಳಿವು. 1944ರ ಕೊನೆಯ ಚಳಿಗಾಲದಲ್ಲಿ ಕೋಲ್ಮಾರಿನ ಸುತ್ತ ನಡೆದ ಕಾಳಗದಲ್ಲಿ ಇವು ಬಹುಪಾಲು ನೆಲಸಮವಾದವು. ಈಗಿನ ಬಹುತೇಕ ಮನೆಗಳು ಆಮೇಲೆ ಕಟ್ಟಿದವು, ಫೋಟೋಕ್ಕೆ ಅಷ್ಟು ಒದಗುವುದಿಲ್ಲ. ಆದರೆ ತೋಟಗಳು ಅವೇ, ಬೆಟ್ಟ ಅದೇ, ವೈನೂ ಕಮ್ಮಿಯದಲ್ಲ. ಇವುಗಳಲ್ಲಿ ಒಂದರಲ್ಲಾದರೂ ಅರ್ಧ ದಿನ ಕೂರಬೇಕು ಎಂಬುದು ನನ್ನ ಹಟ. ಭಾವ ಷರಾ ಬರೆದರು: 'ಪಾರ್ಕಿಂಗ್ ಸುಲಭ.' ಅದೂ ಸರಿಯೇ. ರಿಕ್ವಿರ್, ಎಗಿಸೈಮ್‌ಗಳಲ್ಲಿ ಕೋಟೆಗೋಡೆಯ ಹೊರಗೆ ದುಡ್ಡು ಕೊಟ್ಟು ಕಾರು ಬಿಟ್ಟು ಒಳಗೆ ಕಾಲಿಗೇ ಕೆಲಸ ಕೊಡಬೇಕು.

ಇಷ್ಟು ಹೊತ್ತಾದರೂ ಮುಖ್ಯ ವಿಷಯಕ್ಕೆ ಯಾರೂ ಬಂದಿರಲಿಲ್ಲ. ವೈನ್ ಸೀಮೆಗೆ ಹೊರಟ ಈ ಕುಟುಂಬದಲ್ಲಿ ವೈನ್ ಕುಡಿಯುವವರು ಯಾರು? ಭಾವ ಕಡ್ಡಿ ಮುರಿದಂತೆ ಹೇಳಿದರು: "ನಮ್ಮ ಮನೇಲಿ ಅದೆಲ್ಲ ಇಲ್ಲ." ರಾತ್ರಿ ಊಟವಾದ ಮೇಲೆ ಅಲಮಾರಿನಿಂದ ಒಂದು ಸೀಸೆ ತೆಗೆದು ಅಳತೆಯ ಮುಚ್ಚಳದಲ್ಲಿ ಎರಡು ಸಲ ಬಗ್ಗಿಸಿಕೊಳ್ಳುತ್ತಾರಲ್ಲ, ಅದು ದ್ರಾಕ್ಷಾಸವ. ಆಯುರ್ವೇದ. ಹುದುಗಿದಾಗ ತಾನಾಗಿ ಹುಟ್ಟುವ ಆಲ್ಕೋಹಾಲ್ ಇಷ್ಟು ಎಂದು ಸೀಸೆಯ ಚೀಟಿಯ ಮೇಲೇ ಅಚ್ಚಾಗಿರುತ್ತದೆ. ನಾನು ಚೀಟಿ ತೋರಿಸಿದೆ. "ಅದು ಜೀರ್ಣಕ್ಕೆ" ಎಂದರು. ಅಲ್ಸೇಸಿನವರೂ ಅದನ್ನೇ ಹೇಳುತ್ತಾರೆ.

ಅಲ್ಲಿಯ ವೈನ್ ಹೊಸಬರಿಗೆ ಅಷ್ಟೇನೂ ಗಡಿಬಿಡಿ ಮಾಡುವುದಿಲ್ಲ. ಫ್ರಾನ್ಸಿನ ಬೇರೆ ಕಡೆ ಸೀಸೆಯ ಮೇಲೆ ಊರಿನದೋ ತೋಟದ್ದೋ ಹೆಸರಿರುತ್ತದೆ, ಒಳಗೆ ಯಾವ ದ್ರಾಕ್ಷಿ ಎಂದು ಬಲ್ಲವರೇ ಹೇಳಬೇಕು. ಅಲ್ಸೇಸಿನಲ್ಲಿ ಬಹುಪಾಲು ದ್ರಾಕ್ಷಿಯ ಹೆಸರೇ ದೊಡ್ಡದಾಗಿರುತ್ತದೆ. ರೀಸ್ಲಿಂಗ್ ಹುಳಿಯಾಗಿ ನಾಲಿಗೆ ಚುರುಗುಟ್ಟಿಸುತ್ತದೆ. ಗೆವುರ್ಟ್ಸ್‌ಟ್ರಾಮಿನರ್ ಲೋಟಕ್ಕೆ ಮೂಗು ಒಯ್ದರೆ ಗುಲಾಬಿ ಎಸಳು, ಲಿಚ್ಚಿ ಹಣ್ಣು ಒಟ್ಟಿಗೆ ಘಮ್ಮೆನ್ನುತ್ತವೆ. ದ್ರಾಕ್ಷಿ ಬೆಳೆಯುವ 51 ಇಳಿಜಾರುಗಳನ್ನು ಶ್ರೇಷ್ಠವೆಂದು ಹೆಸರಿಸಿ ಗುರುತಿಸಿದ್ದಾರೆ. ರುಚಿ ನೋಡುವ ಕ್ರಮವನ್ನೂ ಮಗಳು ವಿಡಿಯೋ ಕಾಲಿನಲ್ಲಿ ವಿವರಿಸಿದಳು: ಒಂದು ಗುಟುಕು ಬಾಯಿಗೆ, ಆಚೀಚೆ ಹೊರಳಿಸುವುದು, ಬೇಡವಾದರೆ ಪಕ್ಕದ ಪಾತ್ರೆಗೆ ಉಗಿಯುವುದು.

"ಉಗಿಯೋದಾ? ಅವರ ಮನೇಲೇ ಕೂತು, ಅವರು ಮಾಡಿದ್ದನ್ನ?" ಅಕ್ಕನಿಗೆ ತಡೆಯಲಾಗಲಿಲ್ಲ. ಬೀಗರ ಮನೆಯ ಪಾಯಸ ಎಷ್ಟೇ ಸೀದಿದ್ದರೂ ನುಂಗಿದವಳು ಅವಳು.

ಹಾಗಾದರೆ ಕಾರು ಓಡಿಸುವವರು ಯಾರು? ಫ್ರಾನ್ಸಿನಲ್ಲಿ ರಕ್ತದ ಒಂದು ಲೀಟರಿಗೆ ಅರ್ಧ ಗ್ರಾಂ ಮದ್ಯಸಾರ ಮುಟ್ಟಿದರೆ ಕೇಸು. ಲೈಸೆನ್ಸ್ ಹೊಸದಾದವರಿಗೆ ಮಿತಿ 0.2 ಗ್ರಾಂ, ಅಂದರೆ ಒಂದು ಲೋಟವೂ ಇಲ್ಲ. "ನಮ್ಮ ದೇಶದಲ್ಲಿ ನೂರು ಮಿಲೀಗೆ ಮೂವತ್ತು ಮಿಲಿಗ್ರಾಂ, ಅವರಿಗಿಂತ ಬಿಗಿ" ಎಂದು ಭಾವ ದೇಶಾಭಿಮಾನ ತೋರಿಸಿದರು. ಅದಿರಲಿ, ಅಲ್ಲಿಯ ಹಾದಿಯಲ್ಲಿ ಕುಡಿಯದ ಡ್ರೈವರಿಗೆ ಇರುವ ಬೆಲೆ ಯಾವ ಹಳೆಯ ವೈನಿಗೂ ಇಲ್ಲ. ಬಂದ ಕಾರುಗಳಲ್ಲೆಲ್ಲ ಇವತ್ತು ಯಾರು ಲೋಟ ಮುಟ್ಟಬಾರದು ಎಂಬುದೇ ಜಗಳ. ನಮ್ಮಲ್ಲೋ, ಅಂಥವರ ದಂಡೇ ಇದೆ! ವೈನ್ ಸೀಮೆಯ ಪ್ರವಾಸಕ್ಕೆ ಕನ್ನಡ ನಾಡಿನ ಮಡಿವಂತ ಮನೆತನಗಳಷ್ಟು ಯೋಗ್ಯರು ಇನ್ನೊಬ್ಬರಿಲ್ಲ ಎಂದು ನಾನು ಎಲ್ಲಿ ಬೇಕಾದರೂ ವಾದಿಸಬಲ್ಲೆ.

ಆದರೆ ಆಯ್ಕೆ ಸಲೀಸಾಗಲಿಲ್ಲ. ಮಗಳು ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಇನ್ನೂ ಹಸಿ, ಮೇಲಾಗಿ "ನಾನೂ ಒಂದು ಗುಟುಕು ನೋಡ್ತೀನಿ ಮಾಮ" ಎಂದು ನನಗೊಬ್ಬನಿಗೆ ಮೆಸೇಜು ಕಳಿಸಿದ್ದಾಳೆ. ನಾನು ಯಾಕೆ ಅನರ್ಹ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಭಾವನ ಲೈಸೆನ್ಸಿನ ಅವಧಿ ಮುಗಿದು ಹೋಗಿದೆ. ಮೈಕ್ರಾನ್ ಅಳೆದವರಿಗೆ ಇಸವಿ ಕಾಣಿಸಿಲ್ಲ. ಉಳಿದವಳು ಅಕ್ಕ. ಐವತ್ತು ದಾಟಿದ ಮೇಲೆ ಕಾರು ಕಲಿತವಳು. ಗಂಟೆಗೆ ನಲವತ್ತರ ಮೇಲೆ ಮುಳ್ಳು ಏರಿಸಿದ್ದಿಲ್ಲ. ಅವಳ ಹಿಂದೆ ಹಾರ್ನ್ ಹೊಡೆದು ಹೊಡೆದು ಜಯನಗರದ ಆಟೋದವರು ಸುಸ್ತಾಗಿದ್ದಾರೆ, ಭಾವ ಪಕ್ಕದಲ್ಲಿ ಕೂತು "ಒತ್ತೇ, ಒತ್ತೇ" ಎಂದು ಕಾಲು ಕುಟ್ಟಿ ಕುಟ್ಟಿ ಮ್ಯಾಟು ಸವೆದಿದೆ. ಆ ಹಳ್ಳಿಗಳೊಳಗೆ ಐವತ್ತೇ ಮಿತಿ, ಎಷ್ಟೋ ಕಡೆ ಮೂವತ್ತು. ಇಷ್ಟು ವರ್ಷ ನಾವೆಲ್ಲ ಆಡಿಕೊಂಡ ಆ ಓಟಕ್ಕೆ ತಕ್ಕ ರಸ್ತೆ ಜಗತ್ತಿನಲ್ಲಿ ಇತ್ತು, ಅದು ಅಲ್ಸೇಸಿನಲ್ಲಿತ್ತು.

ಅಕ್ಕನ ಪಾಠ ಶುರುವಾಯಿತು. ಬಲಗಡೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ವೃತ್ತದೊಳಗೆ ಆಗಲೇ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು. ನಮ್ಮ ಹಾಗೆ ಮೂತಿ ತೂರಿಸಿದವನದೇ ರಸ್ತೆ ಅಲ್ಲ. ಬಂಕಿನಲ್ಲಿ 'ಗಝೋಲ್' ಎಂದು ಬರೆದಿದ್ದರೆ ಅದು ಡೀಸೆಲ್, ಗ್ಯಾಸೊಲೀನ್ ಎಂದುಕೊಂಡು ಪೆಟ್ರೋಲ್ ಕಾರಿಗೆ ಸುರಿದರೆ ಪ್ರವಾಸ ಅಲ್ಲಿಗೇ ಮುಕ್ತಾಯ. ಈ ಒಂದು ವಿಷಯದಲ್ಲಿ ಭಾವ ಗಂಟೆಗಟ್ಟಲೆ ಮಾತಾಡಿದರು, ಡೀಸೆಲ್ ಅವರ ಕುಲವೃತ್ತಿ. ಇಂಟರ್‌ನ್ಯಾಷನಲ್ ಪರ್ಮಿಟ್ಟಿಗೆ ಆರ್‌ಟಿಓಗೆ ಹೋಗಬೇಕು, ವೀಸಾಕ್ಕೆ ಪ್ಲಾನ್ ಬೇಕು, ಪ್ಲಾನಿಗೆ ಡ್ರೈವರ್ ಬೇಕು, ಡ್ರೈವರಿಗೆ ಈ ಪರ್ಮಿಟ್ಟು ಬೇಕು.

ಊಟದ ಚಿಂತೆ ಬೇಗ ಮುಗಿಯಿತು. ಅಲ್ಲಿಯವರು ಫ್ಲಾಮ್‌ಕೂಷ್ ಎಂದು ಮಾಡುತ್ತಾರೆ: ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಕೆನೆ, ಈರುಳ್ಳಿ ಹರಡಿ ಧಗಧಗ ಉರಿಯುವ ಒಲೆಯಲ್ಲಿ ಅಂಚು ಕರಿಯಾಗುವಷ್ಟು ಸುಡುವುದು. ರೂಢಿಯಲ್ಲಿ ಹಂದಿಮಾಂಸದ ಚೂರೂ ಬೀಳುತ್ತದೆ, ಮೊದಲೇ ಬೇಡ ಎನ್ನಬೇಕು. ಬ್ರೆಟ್ಸೆಲ್ ಚಿತ್ರ ನೋಡಿದ ಅಕ್ಕ, "ಕೋಡುಬಳೆ, ಹದ ತಪ್ಪಿ ದಪ್ಪ ಆಗಿದೆ" ಎಂದು ತೀರ್ಪಿತ್ತಳು. ಮನ್‌ಸ್ಟರ್ ಚೀಸಿನ ವಾಸನೆಯ ಬಗ್ಗೆ ನಾನು ಉದ್ದೇಶಪೂರ್ವಕವಾಗಿ ಬಾಯಿ ಬಿಡಲಿಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿ ಹೇಗೂ ಬರುತ್ತವೆ.

ಭಾವನಿಗೆ ಹೊಸ ಚಿಂತೆ ಹತ್ತಿದ್ದು ವಾಪಸು ಬರುವ ಸೂಟ್‌ಕೇಸಿನದು. ಸುಂಕವಿಲ್ಲದೆ ಒಬ್ಬರು ಎರಡು ಲೀಟರು ಮದ್ಯ ತರಬಹುದು ಎಂದು ಯಾರೋ ಹೇಳಿದ್ದರು. ಮುಕ್ಕಾಲು ಲೀಟರಿನ ಸೀಸೆ ಒಬ್ಬರಿಗೆ ಎರಡು. ಅರ್ಧ ಲೀಟರು ಸುಮ್ಮನೆ ನಷ್ಟ! ಮೂವರದು ಸೇರಿದರೆ ಇನ್ನೆರಡು ಸೀಸೆ ತುಂಬಿಸಬಹುದಲ್ಲ ಎಂದು ಕಾಗದದ ಮೇಲೆ ಗುಣಿಸಿ ಭಾಗಿಸಿದರು. ಅದೂ ಅಲ್ಸೇಸಿನ ಸೀಸೆ ಮಾಮೂಲಿಗಿಂತ ಉದ್ದ, ತೆಳು, ಕೊಕ್ಕರೆಯ ಕತ್ತಿನದು. ಅಲ್ಲೇ ತುಂಬಿಸಬೇಕು, ಆ ಆಕಾರದಲ್ಲೇ ತುಂಬಿಸಬೇಕು ಎಂದು 1972ರಿಂದ ಕಾನೂನಿದೆ. ಅಳತೆಟೇಪು ಹಿಡಿದು ಸೂಟ್‌ಕೇಸಿನ ಕರ್ಣ ಅಳೆಯುತ್ತಿದ್ದ ಭಾವನನ್ನು ಅಕ್ಕ ಕೇಳಿದಳು: "ರೀ, ಕುಡಿಯೋರು ಯಾರು?"

"ಪ್ರಶ್ನೆ ಅದಲ್ಲ. ಹಕ್ಕು ಇದೆ."

ಆಮೇಲೆ ಅಕ್ಕ ಎಕ್ಸೆಲ್ ಹಾಳೆಯನ್ನು ಎಳೆದುಕೊಂಡಳು. ಎಲ್ಲ ಊರುಗಳನ್ನೂ ಒಂದೊಂದಾಗಿ ಓದಿ ಟ್ಯುರ್ಕೈಮ್ ಹತ್ತಿರ ಬೆರಳು ನಿಲ್ಲಿಸಿದಳು. ಕೋಲ್ಮಾರಿನ ಪಕ್ಕದ ಪುಟ್ಟ ಕೋಟೆಯೂರು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರಾತ್ರಿ ಹತ್ತಕ್ಕೆ ಉದ್ದ ಕೋಟು ತೊಟ್ಟ ಕಾವಲುಗಾರ ಲಾಂದ್ರ, ಈಟಿ ಹಿಡಿದು ಬೀದಿ ಸುತ್ತುತ್ತಾ ಹಾಡಿ ಹೇಳುತ್ತಾನೆ, ಊರವರೇ ದೀಪ ನೋಡಿಕೊಳ್ಳಿ, ಬೆಂಕಿ ನೋಡಿಕೊಳ್ಳಿ ಎಂದು. ಊರಲ್ಲೇ ಸಣ್ಣ ರೈಲು ನಿಲ್ದಾಣವೂ ಇದೆ. "ರೂಮು ಇಲ್ಲೇ. ಎಲ್ಲ ರಾತ್ರಿಯೂ ಇಲ್ಲೇ. ನಾನು ಓಡಿಸ್ತೀನಿ, ನಿಲ್ಲಿಸೋದು ನನಗೆ ಬೇಕಾದ ಕಡೆ. ಕೊಕ್ಕರೆ ಊರು, ನಿನ್ನ ಆ ಮುರಿದ ಊರು, ಮತ್ತೆ ಆ ಡಾಕ್ಟರ ಮನೆ, ಒಳಗಡೆಯಿಂದ. ಉಳಿದದ್ದು ಅಲ್ಲಿಗೆ ಹೋಗಿ ನೋಡೋಣ" ಎಂದು ಮಿಕ್ಕ ಸಾಲುಗಳನ್ನೆಲ್ಲ ಅಳಿಸಿದಳು.

ಭಾವ ಒಂದು ಮಾತೂ ಆಡಲಿಲ್ಲ. ಮಾರನೇ ದಿನ ವೀಸಾ ಕಡತಕ್ಕೆಂದು ಹೊಸ ಹಾಳೆ ಪ್ರಿಂಟು ತೆಗೆದು ನನ್ನ ಕೈಗಿತ್ತರು. ಅಕ್ಕ ಹೇಳಿದ್ದಷ್ಟೇ ಇತ್ತು. ಕೊನೆಯ ಸಾಲಿನಲ್ಲಿ 'ಅಲ್ಲಿಗೆ ಹೋಗಿ ನೋಡೋಣ' ಎಂದು ಬರೆದು, ಪಕ್ಕದ ಖಾನೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ತುಂಬಿದ್ದರು: 10.15ರಿಂದ 10.40.